ಪೆಲೋಸಿಯವರ ಮತಲೆಕ್ಕ: 218 ಕೂಡಿಸುವುದು ಹೇಗೆ?

ಗಿರಗಿಟ್ಲೆ:
ನ್ಯಾನ್ಸಿ ಪೆಲೋಸಿ 2026ರ ಚುನಾವಣೆಗೆ ನಿಲ್ಲುವುದಿಲ್ಲ ಎಂದು 2025ರ ನವೆಂಬರ್ 6ರಂದು ಹೇಳಿದ ಮೇಲೆ ಎಲ್ಲ ಕಡೆ ಒಂದೇ ಅಚ್ಚಿನ ಬರಹ ಬಂತು. ಅಮೆರಿಕದ ಮೊದಲ ಮಹಿಳಾ ಸ್ಪೀಕರ್, ಟ್ರಂಪ್ ಭಾಷಣದ ಪ್ರತಿ ಹರಿದವರು, ಅಷ್ಟೇ. ನನಗೆ ಬೇಕಿರುವುದು ಬೇರೆ. ಹೊಗಳುವವರೂ ಬೈಯುವವರೂ ಒಂದು ಮಾತಿಗೆ ಮಾತ್ರ ತಲೆದೂಗುತ್ತಾರೆ: ವೋಟು ಎಣಿಸುವುದರಲ್ಲಿ ಇವರನ್ನು ಮೀರಿಸಿದವರಿಲ್ಲ ಅಂತ. ಅಮೆರಿಕ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆಯಲ್ಲಿ 435 ಜನ, 218 ಬಂದರೆ ಗೆಲುವು. ಇದರಲ್ಲಿ ಎಣಿಸುವ ವಿದ್ಯೆ ಅಂತ ಏನಿದೆ? ಗೊತ್ತಿರುವವರು ಬಿಡಿಸಿ ಹೇಳಿ. ಜೀವನಚರಿತ್ರೆ ಬೇಡ, ಕೆಲಸದ ರೀತಿ ಬೇಕು.

ಲೆಕ್ಕದ ಪುಸ್ತಕ:
ಮೊದಲು ಆ 218 ಅನ್ನೇ ಬಿಡಬೇಕು. ಅದು ಎಲ್ಲರೂ ಹಾಜರಿದ್ದು ಎಲ್ಲರೂ ವೋಟು ಹಾಕಿದ ದಿನದ ಸಂಖ್ಯೆ. ಅಂಥ ದಿನ ಅಪರೂಪ. ಯಾರೋ ತೀರಿಕೊಂಡಿರುತ್ತಾರೆ, ಯಾರೋ ರಾಜೀನಾಮೆ ಕೊಟ್ಟಿರುತ್ತಾರೆ, ಯಾರೋ ಆಸ್ಪತ್ರೆಯಲ್ಲಿರುತ್ತಾರೆ. 2010ರ ಮಾರ್ಚ್‌ನಲ್ಲಿ ಒಬಾಮಾ ಅವರ ಆರೋಗ್ಯ ವಿಮೆಯ ಮಸೂದೆ ಬಂದಾಗ ಸಭೆಯಲ್ಲಿದ್ದವರು 431, ಬೇಕಿದ್ದದ್ದು 216. ಹಾಗಾಗಿ ಎಣಿಕೆಯ ಮೊದಲ ಸಾಲು "ಎಷ್ಟು ಬೇಕು" ಅನ್ನುವುದು. ಅದು ದಿನದಿನಕ್ಕೆ ಬದಲಾಗುತ್ತದೆ.

ಸ್ಪೀಕರ್ ಆಯ್ಕೆಯಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಅಲ್ಲಿ ಒಬ್ಬರ ಹೆಸರು ಕೂಗಿದವರ ಸಂಖ್ಯೆಯಲ್ಲಿ ಅರ್ಧಕ್ಕಿಂತ ಹೆಚ್ಚು ಬೇಕು. "ಹಾಜರ್" ಎಂದಷ್ಟೇ ಹೇಳಿದವರು ಆ ಲೆಕ್ಕಕ್ಕೆ ಸೇರುವುದಿಲ್ಲ. ಅಂದರೆ ಇಬ್ಬರು ಹಾಜರ್ ಎಂದರೆ ಬೇಕಾದ ಸಂಖ್ಯೆ ಒಂದು ಇಳಿಯುತ್ತದೆ. "ಕ್ಷೇತ್ರದಲ್ಲಿ ನಿಮ್ಮ ಹೆಸರು ಹೇಳಿದರೆ ನಾನು ಉಳಿಯಲ್ಲ" ಅನ್ನುವ ಸದಸ್ಯರಿಗೆ ಇದೊಂದು ಮಧ್ಯದ ದಾರಿ. ಬೇರೊಬ್ಬರ ಹೆಸರು ಕೂಗುವ ಬದಲು ಹಾಜರ್ ಎಂದರೆ ಅವರ ಮಾನವೂ ಉಳಿಯಿತು, ಪಕ್ಷದ ಕೆಲಸವೂ ಆಯಿತು. 2021ರ ಜನವರಿ 3ರಂದು ಡೆಮಾಕ್ರಟಿಕ್ ಪಕ್ಷದ ಪೆಲೋಸಿಗೆ ಬಂದದ್ದು 216, ಎದುರಿನ ರಿಪಬ್ಲಿಕನ್ ಪಕ್ಷದ ಮೆಕಾರ್ಥಿಗೆ 209. ಇಬ್ಬರು ಡೆಮಾಕ್ರಟರು ಬೇರೆ ಹೆಸರು ಹೇಳಿದರು, ಮೂವರು ಹಾಜರ್ ಎಂದರು. ಹೆಸರು ಕೂಗಿದವರು ಒಟ್ಟು 427, ಬೇಕಿದ್ದದ್ದು 214. ಉಳಿದದ್ದು ಎರಡೇ ವೋಟು! ಅಂಥ ದಿನ "218 ಇದೆಯಾ" ಎಂದು ಕೂತವರು ಕೆಡುತ್ತಾರೆ.

ಇನ್ನು ಪಟ್ಟಿಯ ಮಾತು. ವಿಪ್ ಅಂದರೆ ಪಕ್ಷದ ವೋಟು ಕೂಡಿಸುವ ಹೊಣೆ ಹೊತ್ತವರು. ಅವರ ಕಚೇರಿಯ ಹಾಳೆಯಲ್ಲಿ ಸಾಮಾನ್ಯವಾಗಿ ಐದು ಕಲಂ: ಹೌದು, ಹೌದಿನ ಕಡೆ ವಾಲಿದವರು, ತೀರ್ಮಾನ ಮಾಡದವರು, ಇಲ್ಲದ ಕಡೆ ವಾಲಿದವರು, ಇಲ್ಲ. ಪ್ರಾಂತವಾರು ಹಂಚಿಕೊಂಡ ಕಿರಿಯ ವಿಪ್‌ಗಳು ತಮ್ಮ ಪಾಲಿನವರನ್ನು ಕೇಳಿ ತುಂಬುತ್ತಾರೆ. ಇಷ್ಟು ಯಾರಿಗೂ ಬರುತ್ತದೆ. ಪೆಲೋಸಿ ಬೇರೆಯಾಗುವುದು ಆರನೆಯ, ಬರೆಯದ ಕಲಂನಲ್ಲಿ: ಈ "ಇಲ್ಲ" ಯಾಕೆ? ಕ್ಷೇತ್ರದ ಭಯವೋ, ಧರ್ಮದ ಪ್ರಶ್ನೆಯೋ, ಸಮಿತಿಯ ಅಧ್ಯಕ್ಷರ ಮೇಲಿನ ಕೋಪವೋ, ಮಸೂದೆ ಸಾಲದು ಎಂಬ ಎಡಪಂಥೀಯ ಸಿಟ್ಟೋ, ಅಥವಾ ಏನೋ ಬೇಕಾಗಿದೆಯೋ? ಒಂದೊಂದಕ್ಕೆ ಒಂದೊಂದು ಮದ್ದು. ಭಯಕ್ಕೆ ಭಾಷಣ ಮದ್ದಲ್ಲ, ಕೋಪಕ್ಕೆ ದುಡ್ಡು ಮದ್ದಲ್ಲ.

ಕಡಲಕರೆ:
ಒಂದು ಮಾತು ಸೇರಿಸ್ತೇನೆ ಮಾರಾಯ್ರೆ, ಇಲ್ಲದಿದ್ದರೆ ನಮ್ಮವರಿಗೆ ತಲೆ ಕೆಡ್ತದೆ. "ಸ್ಪೀಕರ್" ಅಂದ ಕೂಡಲೇ ನಾವು ಪಕ್ಷಾತೀತರಾಗಿ ಪೀಠದಲ್ಲಿ ಕೂತು ಗಂಟೆ ಬಾರಿಸುವವರನ್ನು ನೆನೆಸ್ತೇವೆ. ಅಮೆರಿಕದಲ್ಲಿ ಸ್ಪೀಕರ್ ಅಂದರೆ ಬಹುಮತದ ಪಕ್ಷದ ಯಜಮಾನರು. ಯಾವ ಮಸೂದೆ ಸಭೆಗೆ ಬರಬೇಕು, ಯಾವ ದಿನ ಬರಬೇಕು ಎಲ್ಲ ಅವರದ್ದೇ. ಮಸೂದೆಗೆ ಎಷ್ಟು ಗಂಟೆ ಚರ್ಚೆ, ಯಾವ ತಿದ್ದುಪಡಿಗೆ ಅವಕಾಶ ಅಂತ ತೀರ್ಮಾನಿಸುವ ರೂಲ್ಸ್ ಕಮಿಟಿಯಲ್ಲಿ ಬಹುಮತದವರು 9, ಎದುರು ಪಕ್ಷ 4. ಆ 9 ಜನರೂ ಸ್ಪೀಕರ್ ಕೈಯವರೇ.

ಎರಡನೆಯದು, ಅಲ್ಲಿ ನಮ್ಮ ಸಂವಿಧಾನದ ಹತ್ತನೇ ಷೆಡ್ಯೂಲ್, ಅಂದರೆ ಪಕ್ಷಾಂತರ ನಿಷೇಧ, ಇಲ್ಲ. ವಿಪ್ ಮೀರಿದರೆ ಸದಸ್ಯತ್ವ ಹೋಗುವುದಿಲ್ಲ. ಟಿಕೆಟ್ ಕೂಡ ಪಕ್ಷದ ಹೈಕಮಾಂಡ್ ಕೊಡುವುದಲ್ಲ, ಕ್ಷೇತ್ರದ ಪ್ರಾಥಮಿಕ ಚುನಾವಣೆಯಲ್ಲಿ ಜನರೇ ಕೊಡುವುದು. ಹಾಗಾದರೆ ಹೆದರಿಸುವುದಕ್ಕೆ ಏನುಂಟು? ಸಮಿತಿ ಸ್ಥಾನ, ಚುನಾವಣಾ ಹಣ, ಮಸೂದೆಯಲ್ಲಿ ಒಂದು ಸಾಲು. ಅಷ್ಟೇ. ನಮ್ಮಲ್ಲಿ ಎಣಿಸುವ ಕೆಲಸವನ್ನು ಕಾನೂನೇ ಮಾಡಿ ಮುಗಿಸಿದೆ. ಅಲ್ಲಿ ಪ್ರತಿ ಮಸೂದೆಗೂ ಹೊಸತಾಗಿ ಎಣಿಸಬೇಕು.

ಹಳೇ ಕಡತ:
ಜೀವನಚರಿತ್ರೆ ಬೇಡ ಅಂದಿರಿ, ಆದರೆ ಈ ವಿದ್ಯೆಯ ಬೇರು ಅಲ್ಲೇ ಇದೆ. ತಂದೆ ಥಾಮಸ್ ಡಲೆಸಾಂಡ್ರೊ ಬಾಲ್ಟಿಮೋರಿನಿಂದ ಕಾಂಗ್ರೆಸ್ ಸದಸ್ಯ, ಆಮೇಲೆ 1947ರಿಂದ 1959ರವರೆಗೆ ಅದೇ ಊರಿನ ಮೇಯರ್. ಮನೆಗೆ ಕೆಲಸ, ಮನೆ, ಆಸ್ಪತ್ರೆಯ ಹಾಸಿಗೆ ಕೇಳಿಕೊಂಡು ಜನ ಬರುತ್ತಿದ್ದರು. ಯಾರಿಗೆ ಏನು ಮಾಡಿಕೊಟ್ಟೆವು ಎಂದು ಬರೆದಿಡುವ "ಉಪಕಾರದ ಕಡತ" ಮನೆಯಲ್ಲೇ ಇತ್ತು. ಚುನಾವಣೆ ಬಂದಾಗ ಅದೇ ಮತದಾರರ ಪಟ್ಟಿ. ಆರು ಗಂಡುಮಕ್ಕಳ ಮೇಲೆ ಹುಟ್ಟಿದ ಒಬ್ಬಳೇ ಮಗಳು ಆ ಕಡತ ನೋಡಿಕೊಂಡು ಬೆಳೆದಳು.

ಎರಡನೆಯ ಸಂಗತಿಯನ್ನು ಜನ ಮರೆಯುತ್ತಾರೆ. ಇವರು ಚುನಾವಣೆಗೆ ನಿಂತದ್ದು 47ನೇ ವಯಸ್ಸಿನಲ್ಲಿ, ಐದು ಮಕ್ಕಳನ್ನು ಬೆಳೆಸಿದ ಮೇಲೆ. ಅಷ್ಟರೊಳಗೆ 1981ರಿಂದ 83ರವರೆಗೆ ಕ್ಯಾಲಿಫೋರ್ನಿಯಾ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೆಯಾಗಿದ್ದರು. 1985ರಲ್ಲಿ ರಾಷ್ಟ್ರೀಯ ಸಮಿತಿಯ ಅಧ್ಯಕ್ಷತೆಗೆ ನಿಂತು ಪಾಲ್ ಕರ್ಕ್ ಎದುರು ಸೋತಿದ್ದರು. 1987ರ ಫೆಬ್ರವರಿಯಲ್ಲಿ ಸಾನ್ ಫ್ರಾನ್ಸಿಸ್ಕೊ ಸದಸ್ಯೆ ಸಾಲಾ ಬರ್ಟನ್ ತೀರಿಕೊಂಡರು. ಸಾಯುವ ಮೊದಲೇ ಪೆಲೋಸಿಯವರ ಹೆಸರು ಹೇಳಿದ್ದರು. ಏಪ್ರಿಲ್ 7ರ ಮೊದಲ ಸುತ್ತಿನಲ್ಲಿ ನಗರ ಮಂಡಳಿಯ ಸದಸ್ಯ ಹ್ಯಾರಿ ಬ್ರಿಟ್ ವಿರುದ್ಧ ಕೂದಲೆಳೆಯ ಅಂತರ. ಜೂನ್ 2ರ ಎರಡನೇ ಸುತ್ತು ಬರೀ ಶಾಸ್ತ್ರ. ಆಮೇಲೆ ಕ್ಷೇತ್ರದ ನಂಬರ್ 5, 8, 12, 11 ಎಂದು ಬದಲಾಯಿತೇ ಹೊರತು ಊರು ಬದಲಾಗಲಿಲ್ಲ. ಇಷ್ಟು ಭದ್ರ ಕ್ಷೇತ್ರ ಇದ್ದದ್ದರಿಂದಲೇ ಬೇರೆಯವರ ಕ್ಷೇತ್ರಗಳನ್ನು ನೋಡಿಕೊಳ್ಳಲು ಪುರುಸೊತ್ತು ಸಿಕ್ಕಿತು.

ಲೆಕ್ಕದ ಪುಸ್ತಕ:
ಕಡತದವರು ಹೇಳಿದ್ದಕ್ಕೆ ಮುಂದಿನ ಕೊಂಡಿ: 2001ರಲ್ಲಿ ಪಕ್ಷದೊಳಗೆ ನಡೆದ ವಿಪ್ ಸ್ಥಾನದ ಸ್ಪರ್ಧೆ. ಎದುರಾಳಿ ಮೇರಿಲ್ಯಾಂಡಿನ ಸ್ಟೆನಿ ಹೋಯರ್. ಇಬ್ಬರೂ ಯೌವನದಲ್ಲಿ ಒಬ್ಬರೇ ಸೆನೆಟರ್ ಡೇನಿಯಲ್ ಬ್ರೂಸ್ಟರ್ ಕಚೇರಿಯಲ್ಲಿ ಕೆಲಸ ಮಾಡಿದವರು. ಅಲ್ಲಿ ಮತ ಗುಪ್ತ, ಚೀಟಿಯಲ್ಲಿ. ಗುಪ್ತ ಮತದ ಎಣಿಕೆ ಎಲ್ಲಕ್ಕಿಂತ ಕಷ್ಟ, ಯಾಕೆಂದರೆ ಒಬ್ಬನೇ ಸದಸ್ಯ ಇಬ್ಬರಿಗೂ "ನಿಮಗೇ" ಎಂದು ಹೇಳಿರುತ್ತಾನೆ. ಕೈ ಹಿಡಿದು "ನೀವು ಒಳ್ಳೆಯ ನಾಯಕಿ" ಅಂದವನನ್ನು ಹೌದಿನ ಕಲಂಗೆ ಹಾಕಿದರೆ ಮುಗಿಯಿತು. "ನಿಮಗೆ ವೋಟು ಹಾಕುತ್ತೇನೆ" ಎಂಬ ಮಾತೇ ಬಾಯಿಂದ ಬರಬೇಕು, ಅದನ್ನೂ ಇನ್ನೊಬ್ಬರ ಮೂಲಕ ಮತ್ತೆ ಕೇಳಿಸಿ ನೋಡಬೇಕು. ಸ್ಥಾನ ಖಾಲಿಯಾಗುವ ಮೊದಲೇ, ಮೂರು ವರ್ಷ ಮುಂಚೆಯೇ ಅವರು ಕೇಳಲು ಶುರುಮಾಡಿದ್ದರು. ಅಕ್ಟೋಬರ್ 10ರ ಫಲಿತಾಂಶ 118–95. ಕ್ಯಾಲಿಫೋರ್ನಿಯಾದ 32 ಡೆಮಾಕ್ರಟರು ಬೆನ್ನಿಗಿದ್ದದ್ದು ದೊಡ್ಡ ಅಡಿಪಾಯ, ಅದನ್ನೂ ಹೇಳಬೇಕು. ಮರುವರ್ಷ ನವೆಂಬರ್‌ನಲ್ಲಿ ಸಭೆಯಲ್ಲಿ ಪಕ್ಷದ ನಾಯಕಿ: 177–29, ಹೆರಾಲ್ಡ್ ಫೋರ್ಡ್ ವಿರುದ್ಧ.

ಅಡ್ಡಗೋಡೆ:
ದೇವರ ಪಟ ಮಾಡಬೇಡಿ ಸ್ವಾಮಿ. ಲೆಕ್ಕ ತಪ್ಪಿದ್ದೂ ಇದೆ.

2006ರ ನವೆಂಬರ್. ಹನ್ನೆರಡು ವರ್ಷದ ಮೇಲೆ ಬಹುಮತ ಬಂದಿದೆ, ಸ್ಪೀಕರ್ ಆಗುವುದು ಖಚಿತ. ಆಗ ಸ್ಪೀಕರ್ ನಂತರದ್ದಾದ ಬಹುಮತ ನಾಯಕ ಸ್ಥಾನಕ್ಕೆ ಅದೇ ಹೋಯರ್ ವಿರುದ್ಧ ಜಾನ್ ಮರ್ಥಾ ಪರ ಬಹಿರಂಗವಾಗಿ ನಿಂತರು. ಫಲಿತಾಂಶ ಹೋಯರ್ 149, ಮರ್ಥಾ 86. ಇದು ಕೂಡಿಸುವುದರಲ್ಲಿ ಆದ ತಪ್ಪಲ್ಲ, ಕಣಕ್ಕೆ ಇಳಿದದ್ದೇ ತಪ್ಪು. ಮರ್ಥಾ ಅವರದ್ದು ಹಳೆಯ ಋಣ, ತೀರಿಸಲು ಹೋಗಿ ಮೊದಲ ವಾರವೇ ಮುಖಭಂಗ.

2008ರ ಸೆಪ್ಟೆಂಬರ್ 29 ಇನ್ನೂ ದೊಡ್ಡದು. ಬ್ಯಾಂಕುಗಳನ್ನು ಎತ್ತಿಹಿಡಿಯುವ 70,000 ಕೋಟಿ ಡಾಲರ್ ಮಸೂದೆ 205–228ರಲ್ಲಿ ಬಿತ್ತು. ಅದೇ ದಿನ ಷೇರುಪೇಟೆಯ ಡೌ ಸೂಚ್ಯಂಕ 777 ಅಂಶ ಕುಸಿಯಿತು. ಎಣಿಕೆಯ ರಾಣಿ ಆವತ್ತು ಎಲ್ಲಿದ್ದರು?

ಲೆಕ್ಕದ ಪುಸ್ತಕ:
ಮರ್ಥಾ ವಿಷಯ ಒಪ್ಪಿದೆ, ಅದಕ್ಕೆ ಸಮಜಾಯಿಷಿ ಇಲ್ಲ. ಸೆಪ್ಟೆಂಬರ್ 29ರದ್ದು ಸ್ವಲ್ಪ ಬಿಡಿಸಿ ನೋಡಿ. ಡೆಮಾಕ್ರಟರು 140 ಹೌದು, 95 ಇಲ್ಲ. ರಿಪಬ್ಲಿಕನ್ನರು 65 ಹೌದು, 133 ಇಲ್ಲ. ಮಸೂದೆ ಕೇಳಿದ್ದು ರಿಪಬ್ಲಿಕನ್ ಅಧ್ಯಕ್ಷ ಬುಷ್. ಎರಡೂ ಪಕ್ಷ ಸೇರಿ ಹೊರುವ ಹೊರೆ, ಪೆಲೋಸಿ ತಮ್ಮ ಪಾಲನ್ನು ತಂದರು, ಎದುರಿನವರ ಪಾಲು ಬರಲಿಲ್ಲ. ತಪ್ಪಾದದ್ದು ಎರಡು ಕಡೆ. ಒಂದು, ಬೇರೆಯವರ ಎಣಿಕೆ ನಂಬಿ ಮಸೂದೆಯನ್ನು ಸಭೆಗೆ ತಂದದ್ದು. ಎರಡು, ಮತದಾನಕ್ಕೆ ಸ್ವಲ್ಪ ಮೊದಲು ಬುಷ್ ಆಡಳಿತವನ್ನು ಟೀಕಿಸಿ ಭಾಷಣ ಮಾಡಿದ್ದು. ಅದರಿಂದ ವೋಟು ಬದಲಾಯಿತೋ ಇಲ್ಲವೋ, "ಅದಕ್ಕೇ ಬದಲಾಯಿಸಿದೆವು" ಎನ್ನಲು ಎದುರಿನವರಿಗೆ ನೆಪ ಸಿಕ್ಕಿತು. ಅಕ್ಟೋಬರ್ 3ರಂದು, ಮೇಲ್ಮನೆಯಾದ ಸೆನೆಟ್ ತೆರಿಗೆ ರಿಯಾಯಿತಿಗಳನ್ನು ಸೇರಿಸಿ ಕಳಿಸಿದ ಮೇಲೆ 263–171ರಲ್ಲಿ ಪಾಸಾಯಿತು.

ಹಳೇ ಕಡತ:
ಆರೋಗ್ಯ ಮಸೂದೆಯನ್ನು ಯಾರಾದರೂ ಪೂರ್ತಿ ಬಿಡಿಸಿ. ಈ ಎಳೆಯ ತಿರುಳೇ ಅದು.

ಲೆಕ್ಕದ ಪುಸ್ತಕ:
ಸರಿ, ಉದ್ದವಾಗುತ್ತದೆ.

2009ರ ನವೆಂಬರ್ 7ರಂದು ಪ್ರತಿನಿಧಿ ಸಭೆ ತನ್ನದೇ ಮಸೂದೆಯನ್ನು 220–215ರಲ್ಲಿ ಪಾಸು ಮಾಡಿತು. 39 ಡೆಮಾಕ್ರಟರು ಇಲ್ಲ ಎಂದರು, ಹೌದೆಂದ ರಿಪಬ್ಲಿಕನ್ ಒಬ್ಬರೇ, ಲೂಸಿಯಾನಾದ ಜೋಸೆಫ್ ಕಾವ್. ಆ 220 ತರಲು ಕೊಟ್ಟ ಬೆಲೆ ಸ್ಟೂಪಾಕ್ ತಿದ್ದುಪಡಿ: ಸರ್ಕಾರದ ನೆರವಿನ ವಿಮೆಯಲ್ಲಿ ಗರ್ಭಪಾತಕ್ಕೆ ಹಣ ಕೂಡದು ಎಂಬುದು. ಗರ್ಭಪಾತದ ಹಕ್ಕಿನ ಪರ ಜೀವನಪೂರ್ತಿ ನಿಂತ ಪೆಲೋಸಿಯೇ ಆ ತಿದ್ದುಪಡಿಯನ್ನು ಮತಕ್ಕೆ ಬಿಟ್ಟರು. ಅದು 240–194ರಲ್ಲಿ ಗೆದ್ದಿತು, 64 ಡೆಮಾಕ್ರಟರು ಅದರ ಪರ.

ಡಿಸೆಂಬರ್ 24ರಂದು ಸೆನೆಟ್ ಬೇರೆಯದೇ ಮಸೂದೆಯನ್ನು 60–39ರಲ್ಲಿ ಪಾಸು ಮಾಡಿತು. ಮಾಮೂಲಿಯಾಗಿ ಎರಡನ್ನೂ ಕೂಡಿಸಿ ಒಂದು ಮಾಡಿ ಎರಡೂ ಸದನಗಳಲ್ಲಿ ಮತ್ತೆ ಮತಕ್ಕೆ ಹಾಕಬೇಕು. ಆದರೆ 2010ರ ಜನವರಿ 19ರಂದು ಮ್ಯಾಸಚೂಸೆಟ್ಸ್‌ನಲ್ಲಿ ರಿಪಬ್ಲಿಕನ್ ಸ್ಕಾಟ್ ಬ್ರೌನ್ ಸೆನೆಟ್ ಸ್ಥಾನ ಗೆದ್ದರು. ಸೆನೆಟ್ಟಿನ 60 ಹೋಗಿ 59 ಆಯಿತು. 60 ಇಲ್ಲದೆ ಅಲ್ಲಿ ಚರ್ಚೆ ನಿಲ್ಲಿಸಲಾಗದು, ಹೊಸ ಮಸೂದೆ ಸತ್ತ ಹಾಗೆಯೇ. ಶ್ವೇತಭವನದಲ್ಲಿ ಕೆಲವರು ಮಸೂದೆಯನ್ನು ಚಿಕ್ಕದು ಮಾಡೋಣ ಎಂದರು. ಪೆಲೋಸಿ ಒಪ್ಪಲಿಲ್ಲ.

ಉಳಿದದ್ದು ಒಂದೇ ದಾರಿ. ಸೆನೆಟ್ ಪಾಸು ಮಾಡಿದ್ದನ್ನು ಒಂದಕ್ಷರ ಬದಲಿಸದೆ ಪ್ರತಿನಿಧಿ ಸಭೆಯೂ ಪಾಸು ಮಾಡುವುದು. ಅದರಲ್ಲಿನ ಕೆಟ್ಟ ಭಾಗಗಳನ್ನು ಇನ್ನೊಂದು ರಿಕನ್ಸಿಲಿಯೇಷನ್ ಮಸೂದೆಯಿಂದ ತಿದ್ದುವುದು. ಬಜೆಟ್ಟಿಗೆ ಸಂಬಂಧಪಟ್ಟ ಅಂಥ ಮಸೂದೆಗೆ ಸೆನೆಟ್ಟಿನಲ್ಲಿ ಬರೀ ಬಹುಮತ ಸಾಕು. ಇಲ್ಲಿ ಸಿಕ್ಕು ಯಾವುದೆಂದರೆ, ಕಾನೂನೇ ಆಗದ ಮಸೂದೆಯನ್ನು ತಿದ್ದಲಾಗದು. ಹಾಗಾಗಿ ಮೊದಲು ಸೆನೆಟ್ ಮಸೂದೆ ಪಾಸು, ಅಧ್ಯಕ್ಷರ ಅಂಕಿತ, ಆಮೇಲೆ ಸೆನೆಟ್ಟಿನಲ್ಲಿ ತಿದ್ದುಪಡಿ. ಅಂದರೆ ಪ್ರತಿನಿಧಿ ಸಭೆಯವರು ಮೊದಲು ಬಾವಿಗೆ ಹಾರಬೇಕು, ಹಗ್ಗ ಆಮೇಲೆ ಬರುತ್ತದೆ. ಸೆನೆಟ್ಟನ್ನು ನಂಬುವವರು ಆ ಸಭೆಯಲ್ಲಿ ಯಾರೂ ಇಲ್ಲ. ಸೆನೆಟ್ ಮಸೂದೆ ಮೇಲೆ ನೇರ ಮತ ಹಾಕದೆಯೇ ಪಾಸಾಯಿತೆಂದು ಭಾವಿಸುವ ಒಂದು ನಿಯಮವನ್ನೂ ಯೋಚಿಸಿದರು. ಕಳ್ಳದಾರಿ ಎಂಬ ಗದ್ದಲವೆದ್ದು ಅದನ್ನು ಬಿಟ್ಟರು.

ಈಗ ಎಣಿಕೆ. ಡೆಮಾಕ್ರಟರು 253, ಬೇಕಿದ್ದದ್ದು 216, ರಿಪಬ್ಲಿಕನ್ 178ರಲ್ಲಿ ಸೊನ್ನೆ. ಅಂದರೆ 37 ಜನರನ್ನು ಕಳೆದುಕೊಳ್ಳಬಹುದು, 38ನೆಯವರನ್ನಲ್ಲ. ನವೆಂಬರ್‌ನಲ್ಲಿ ಹೌದೆಂದ ಕೆಲವರು ಜಾರಿದರು, ಆ ಜಾಗಕ್ಕೆ ಆಗ ಇಲ್ಲ ಎಂದವರನ್ನು ತರಬೇಕು. ಎಡದಿಂದ ಡೆನಿಸ್ ಕುಸಿನಿಚ್ ಬಂದರು, ಮೊದಲು ಮಸೂದೆ ಸಾಲದು ಎಂದು ವಿರೋಧಿಸಿದವರು. ಅದೇ ಒಹಾಯೊದ ಜಾನ್ ಬೊಚ್ಚಿಯೇರಿ ಬಂದರು. ಕೊನೆಯ ಗಂಟು ಸ್ಟೂಪಾಕ್ ಗುಂಪು, ಗರ್ಭಪಾತ ವಿರೋಧಿ ಡೆಮಾಕ್ರಟರು. ಮಸೂದೆಯ ಅಕ್ಷರ ಮುಟ್ಟುವಂತಿಲ್ಲವಲ್ಲ, ಅದಕ್ಕೆ ಗರ್ಭಪಾತಕ್ಕೆ ಕೇಂದ್ರದ ಹಣ ಹೋಗದು ಎಂದು ಒಬಾಮಾ ಕಾರ್ಯಾದೇಶ ಹೊರಡಿಸುವುದಾಗಿ ಒಪ್ಪಂದವಾಯಿತು. ಅದು ತೀರ್ಮಾನವಾದದ್ದು ಮತದಾನದ ದಿನವೇ, ಮಾರ್ಚ್ 21ರ ಭಾನುವಾರ. ರಾತ್ರಿ ಫಲಿತಾಂಶ 219–212. ಇಲ್ಲ ಎಂದ ಡೆಮಾಕ್ರಟರು 34. ತಿದ್ದುಪಡಿ ಮಸೂದೆ 220–211.

23ರಂದು ಅಂಕಿತ. 25ರಂದು ಸೆನೆಟ್ ತಿದ್ದುಪಡಿಯನ್ನು 56–43ರಲ್ಲಿ ಒಪ್ಪಿತು. ಆದರೆ ವಿದ್ಯಾರ್ಥಿಗಳ ಪೆಲ್ ಅನುದಾನದ ಬಗ್ಗೆ ಇದ್ದ ಎರಡು ಸಣ್ಣ ಅಂಶ ಬಜೆಟ್ ನಿಯಮಕ್ಕೆ ಹೊಂದುವುದಿಲ್ಲವೆಂದು ಕಿತ್ತುಹಾಕಬೇಕಾಯಿತು. ಒಂದು ಸಾಲು ಬದಲಾದರೂ ಮತ್ತೆ ಪ್ರತಿನಿಧಿ ಸಭೆಗೆ ಬರಬೇಕು. ಅದೇ ರಾತ್ರಿ 220–207. ಹಗ್ಗ ಬಂತು.

ಗಿರಗಿಟ್ಲೆ:
219 ಬಂದದ್ದು 216 ಬೇಕಿದ್ದಾಗ. ಆ ಮೂರು ಹೆಚ್ಚುವರಿ ಬೇಕೆಂದೇ ಇಟ್ಟುಕೊಂಡದ್ದೋ?

ಲೆಕ್ಕದ ಪುಸ್ತಕ:
ಯಾರೂ 216ರಲ್ಲಿ ನಿಲ್ಲಿಸಲು ಬಯಸುವುದಿಲ್ಲ. 216 ಬಂದರೆ ಗೆದ್ದ 216 ಜನರೂ "ಕೊನೆಯ ವೋಟು ನಿನ್ನದೇ" ಎಂಬ ಜಾಹೀರಾತಿಗೆ ಸಿಕ್ಕಿಕೊಳ್ಳುತ್ತಾರೆ. ಎಣಿಸುವವರ ಜೇಬಿನಲ್ಲಿ ಇನ್ನೂ ಕೆಲವು ವೋಟು ಇರುತ್ತವೆ: "ನಾನು ಇಲ್ಲ ಅನ್ನುತ್ತೇನೆ, ಆದರೆ ನನ್ನೊಬ್ಬನಿಂದ ಬೀಳುವುದಾದರೆ ಕೊಡುತ್ತೇನೆ" ಅಂದವರದ್ದು. ಬೋರ್ಡಿನಲ್ಲಿ ಸಂಖ್ಯೆ ದಾಟಿದ ಮೇಲೆ ಅವರನ್ನು ಬಿಟ್ಟುಬಿಡುತ್ತಾರೆ. ಯಾರನ್ನು ಮೊದಲು ಬಿಡಬೇಕು ಎಂಬ ಕ್ರಮಕ್ಕೂ ಒಂದು ಪಟ್ಟಿ. ತೀರಾ ಕಷ್ಟದ ಕ್ಷೇತ್ರದವರಿಗೆ ಮೊದಲ ಬಿಡುಗಡೆ. ಸಭೆಯ ಮುಂಭಾಗದಲ್ಲಿ ಬಣ್ಣದ ಚೀಟಿಗಳಿರುತ್ತವೆ: ಹಸಿರು ಹೌದು, ಕೆಂಪು ಇಲ್ಲ, ಕಿತ್ತಳೆ ಹಾಜರ್. ಕೊನೆಯ ನಿಮಿಷದಲ್ಲಿ ಮತ ಬದಲಿಸುವವರು ಆ ಚೀಟಿ ಬರೆದುಕೊಡಬೇಕು. ಮತದಾನಕ್ಕೆ ಕನಿಷ್ಠ 15 ನಿಮಿಷ, ಗರಿಷ್ಠ ಅಂತ ಇಲ್ಲ. 2003ರಲ್ಲಿ ರಿಪಬ್ಲಿಕನ್ನರು ಮೆಡಿಕೇರ್ (ಹಿರಿಯರ ಸರ್ಕಾರಿ ಆರೋಗ್ಯ ವಿಮೆ) ಔಷಧ ಮಸೂದೆಗೆ ಹತ್ತಿರ ಹತ್ತಿರ ಮೂರು ಗಂಟೆ ಮತದಾನ ತೆರೆದಿಟ್ಟು ಬೆಳಗಿನ ಜಾವ 220–215ರಲ್ಲಿ ಗೆದ್ದರು. ಎಣಿಕೆ ಮೊದಲೇ ಆಗದಿದ್ದರೆ ಹೀಗೆ ಎಲ್ಲರ ಕಣ್ಣೆದುರು ಆಗುತ್ತದೆ.

ಅಡ್ಡಗೋಡೆ:
ಗೆದ್ದದ್ದು ಸರಿ. ಆ ವರ್ಷ ನವೆಂಬರ್‌ನಲ್ಲಿ 63 ಸ್ಥಾನ ಹೋಯಿತು. ಮಸೂದೆಗೆ ಹೌದೆಂದ ವರ್ಜೀನಿಯಾದ ಟಾಮ್ ಪೆರಿಯೆಲ್ಲೊ ಮನೆಗೆ ಹೋದರು. ಇದು ಎಣಿಕೆಯೋ, ಬಲಿಯೋ?

ಕಡಲಕರೆ:
ಇಲ್ಲ ಎಂದವರು ಉಳಿದರೋ? ಮಿಸ್ಸೌರಿಯ ಐಕ್ ಸ್ಕೆಲ್ಟನ್, ಮಿಸಿಸಿಪ್ಪಿಯ ಜೀನ್ ಟೇಲರ್ ಇಬ್ಬರೂ ಕೆಂಪು ಒತ್ತಿದವರು, ಇಬ್ಬರೂ ಸೋತರು. ಕೆಟ್ಟ ಗಾಳಿ ಬೀಸುವಾಗ ಮರದ ಜಾತಿ ನೋಡುವುದಿಲ್ಲ ಅದು.

ಅಡ್ಡಗೋಡೆ:
ಇರಬಹುದು. ಹಾಗಾದರೆ ಹವಾಮಾನ ಮಸೂದೆಗೆ ಏನನ್ನುತ್ತೀರಿ? 2009ರ ಜೂನ್ 26, ವಾಕ್ಸ್‌ಮನ್–ಮಾರ್ಕಿ, 219–212. ತಮ್ಮವರೇ 44 ಜನ ವಿರುದ್ಧ, ಎಂಟು ರಿಪಬ್ಲಿಕನ್ನರನ್ನು ತಂದು ದಡ ಮುಟ್ಟಿಸಿದರು. ಸೆನೆಟ್ ಅದನ್ನು ಮತಕ್ಕೇ ತರಲಿಲ್ಲ. ಕಲ್ಲಿದ್ದಲು ಕ್ಷೇತ್ರಗಳವರು ಕಷ್ಟದ ವೋಟು ಹಾಕಿ ಕೈಗೆ ಸಿಕ್ಕಿದ್ದು ಎದುರಾಳಿಯ ಜಾಹೀರಾತು ಮಾತ್ರ. ಒಂದು ಸದನದಲ್ಲಿ ಕೂಡಿಸಿದ ಲೆಕ್ಕ ಇನ್ನೊಂದರಲ್ಲಿ ಕಳೆಯುತ್ತದೆ ಎಂಬುದನ್ನು ಎಣಿಕೆಯಲ್ಲಿ ಸೇರಿಸಲಿಲ್ಲ. ನನ್ನ ಪ್ರಕಾರ ಇದೇ ಅವರ ನಿಜವಾದ ತಪ್ಪು, 2008ರದ್ದಲ್ಲ.

ಲೆಕ್ಕದ ಪುಸ್ತಕ:
ಇದಕ್ಕೆ ನನ್ನ ಬಳಿ ಉತ್ತರ ಇಲ್ಲ. ಆರೋಗ್ಯ ಮಸೂದೆಯಲ್ಲಿ ಸೆನೆಟ್ ಮೇಲೆ ಅಷ್ಟು ಅಪನಂಬಿಕೆ ಬಂದದ್ದಕ್ಕೆ ಒಂದು ಕಾರಣವೂ ಇದೇ.

ನಡುಮನೆ:
2018ರದ್ದು ಯಾರೂ ಹೇಳಲಿಲ್ಲ. ಮತ್ತೆ ಬಹುಮತ ಬಂತು, ಆದರೆ "ಹೊಸ ನಾಯಕತ್ವ ಬೇಕು" ಎಂದು 16 ಡೆಮಾಕ್ರಟರು ಪತ್ರಕ್ಕೆ ಸಹಿ ಹಾಕಿದರು. ಪಕ್ಷದೊಳಗೆ 203–32ರಲ್ಲಿ ಗೆದ್ದರು, ಆದರೆ ಆ 32 ಜನ ಸಭೆಯಲ್ಲೂ ಹಾಗೇ ನಿಂತರೆ ಸ್ಪೀಕರ್ ಸ್ಥಾನ ಸಿಗದು. ಅವರ ಎದುರು ನಿಲ್ಲಲು ಅಭ್ಯರ್ಥಿಯೇ ಇಲ್ಲದಂತೆ ಮಾಡಿದ್ದು ಮೊದಲ ಹೆಜ್ಜೆ. ಸ್ಪರ್ಧಿಸುವ ಯೋಚನೆಯಲ್ಲಿದ್ದ ಮಾರ್ಷಾ ಫಜ್ ಅವರಿಗೆ ಚುನಾವಣಾ ಉಪಸಮಿತಿಯ ಅಧ್ಯಕ್ಷತೆ ಸಿಕ್ಕಿತು, ಅವರು ಹಿಂದೆ ಸರಿದರು. ಸಹಿ ಹಾಕಿದ್ದ ಬ್ರಯನ್ ಹಿಗಿನ್ಸ್ ತಮ್ಮ ಮೆಡಿಕೇರ್ ಪ್ರಸ್ತಾಪಕ್ಕೆ ಭರವಸೆ ಪಡೆದು ಮರಳಿದರು. ಉಳಿದವರಿಗೆ "ನಾಲ್ಕು ವರ್ಷ ಮಾತ್ರ" ಎಂಬ ಒಪ್ಪಂದ. 2019ರ ಜನವರಿ 3ರಂದು 220, ಬೇಕಿದ್ದದ್ದು 216. ವಿರುದ್ಧ ನಿಂತ ಡೆಮಾಕ್ರಟರು ಕೊನೆಗೆ 15, ಅದರಲ್ಲಿ ಮೂವರು ಬರೀ ಹಾಜರ್. ಮಾತಿನಂತೆ 2022ರ ನವೆಂಬರ್ 17ರಂದು ನಾಯಕತ್ವ ಬಿಟ್ಟರು.

ಹಣದ ಮಾತನ್ನೂ ಆಡಬೇಕು. ಪಕ್ಷಕ್ಕೆ ಅವರು ಎತ್ತಿಕೊಟ್ಟ ಮೊತ್ತ ನೂರು ಕೋಟಿ ಡಾಲರ್ ದಾಟುತ್ತದೆ ಎಂದು ಪಕ್ಷದವರೇ ಹೇಳಿಕೊಳ್ಳುತ್ತಾರೆ. ಆ ಹಣ ಪಡೆದು ಗೆದ್ದವರು ಫೋನ್ ಎತ್ತಲೇಬೇಕಲ್ಲ. ಹಾಗೆಯೇ ಗಂಡನ ಷೇರು ವ್ಯವಹಾರದ ಟೀಕೆ. ಸದಸ್ಯರ ಷೇರು ವಹಿವಾಟು ನಿಷೇಧಿಸಬೇಕೆ ಎಂದಾಗ 2021ರ ಡಿಸೆಂಬರ್‌ನಲ್ಲಿ ಮುಕ್ತ ಮಾರುಕಟ್ಟೆ ಎಂದು ತಳ್ಳಿಹಾಕಿದರು, ಸದಸ್ಯರು ತಿರುಗಿಬಿದ್ದ ಮೇಲೆ ಸಡಿಲಿಸಿದರು. ತಮ್ಮದೇ ವಿಷಯದಲ್ಲಿ ಗಾಳಿಯ ದಿಕ್ಕು ತಡವಾಗಿ ಕಂಡಿತು.

ಹಳೇ ಕಡತ:
2021ರ ಮೂಲಸೌಕರ್ಯ ಮಸೂದೆ ಇನ್ನೊಂದು ಪಾಠ. ಮಧ್ಯಮಪಂಥದ ಗಾಟ್‌ಹೈಮರ್ ಗುಂಪಿಗೆ ಸೆಪ್ಟೆಂಬರ್ 27ರ ಗಡುವು ಕೊಟ್ಟರು. ಚೆನ್ನೈಯಲ್ಲಿ ಹುಟ್ಟಿದ ಪ್ರಮೀಳಾ ಜಯಪಾಲ್ ಮುಂದಾಳತ್ವದ ಪ್ರಗತಿಪರ ಗುಂಪು, ಸಾಮಾಜಿಕ ಯೋಜನೆಗಳ ಮಸೂದೆ ಜೊತೆಗೇ ಬರದಿದ್ದರೆ ವೋಟಿಲ್ಲ ಎಂದಿತು. ಗಡುವು ದಾಟಿತು, ಮತ್ತೊಂದು ಗಡುವು, ಅದೂ ದಾಟಿತು. ವೋಟಿಲ್ಲದಿದ್ದರೆ ಮಸೂದೆ ತರಬೇಡ, ಅವಮಾನವಾದರೂ ಮುಂದೂಡು: 2008ರಲ್ಲಿ ಕಲಿತದ್ದನ್ನು ಇಲ್ಲಿ ಪಾಲಿಸಿದರು. ನವೆಂಬರ್ 5ರ ರಾತ್ರಿ 228–206. ತಮ್ಮವರು ಆರು ಜನ ಕೈಬಿಟ್ಟರು, 13 ರಿಪಬ್ಲಿಕನ್ನರು ಕೈಹಿಡಿದರು. ಸಾಮಾಜಿಕ ಮಸೂದೆ ಹದಿನಾಲ್ಕು ದಿನದ ಮೇಲೆ 220–213ರಲ್ಲಿ ಪಾಸಾಗಿ ಸೆನೆಟ್ಟಿನಲ್ಲಿ ತಮ್ಮದೇ ಪಕ್ಷದ ಮ್ಯಾಂಚಿನ್ ಕೈಯಲ್ಲಿ ನಿಂತಿತು. ಅಡ್ಡಗೋಡೆಯವರು ಹೇಳಿದ ಕಾಯಿಲೆಯೇ. 2022ರ ಆಗಸ್ಟ್ 12ರಂದು ಅದರ ಚಿಕ್ಕ ರೂಪ 220–207.

ಕಡಲಕರೆ:
ವಿಷಯದಿಂದ ಸ್ವಲ್ಪ ಆಚೆ: ಅವರ 38 ವರ್ಷದಲ್ಲಿ ಲೆಕ್ಕ ನೋಡದೆ ಹಿಡಿದ ಒಂದು ಹಟ ಉಂಟು, ಚೀನಾ ಮತ್ತು ಟಿಬೆಟ್. 1991ರಲ್ಲಿ ತಿಯಾನನ್‌ಮೆನ್ ಚೌಕದಲ್ಲೇ ಬ್ಯಾನರ್ ಬಿಡಿಸಿದರು. 2008ರ ಮಾರ್ಚ್‌ನಲ್ಲೂ 2024ರ ಜೂನ್‌ನಲ್ಲೂ ಧರ್ಮಶಾಲೆಗೆ ಬಂದು ದಲೈ ಲಾಮಾ ಅವರನ್ನು ಕಂಡರು. ಬೈಲುಕುಪ್ಪೆ, ಮುಂಡಗೋಡಿನ ಟಿಬೆಟನ್ ಶಿಬಿರಗಳವರಿಗೆ ಈ ಹೆಸರು ಹೊಸದಲ್ಲ.

ಗಿರಗಿಟ್ಲೆ:
ಎಲ್ಲರಿಗೂ ಧನ್ಯವಾದ. ಇದನ್ನೆಲ್ಲ ಸ್ವತಃ ನೋಡಬೇಕೆಂದರೆ?

ಲೆಕ್ಕದ ಪುಸ್ತಕ:
ಪ್ರತಿನಿಧಿ ಸಭೆಯ ಕ್ಲರ್ಕ್ ಕಚೇರಿಯ ಜಾಲತಾಣದಲ್ಲಿ ವರ್ಷ ಮತ್ತು ರೋಲ್ ಕಾಲ್ ನಂಬರ್ (ಯಾರು ಹೇಗೆ ಮತ ಹಾಕಿದರೆಂದು ಹೆಸರುಸಹಿತ ದಾಖಲಾದ ಮತದಾನದ ಸಂಖ್ಯೆ) ಹಾಕಿ. 2008ರ 674 ಬ್ಯಾಂಕ್ ಮಸೂದೆ ಬಿದ್ದದ್ದು, 2009ರ 477 ಹವಾಮಾನ, 2009ರ 887 ಆರೋಗ್ಯ ಮೊದಲ ಸಲ, 2010ರ 165 ಎರಡನೇ ಸಲ. 887 ಮತ್ತು 165 ಪಕ್ಕಪಕ್ಕ ಇಟ್ಟುಕೊಂಡು ಡೆಮಾಕ್ರಟರ ಹೆಸರುಗಳನ್ನು ಮಾತ್ರ ತಾಳೆ ಹಾಕಿ. ಬದಲಾದವರ ಪಟ್ಟಿ ಸಿಗುತ್ತದೆ. ಅಂಥ ಒಂದೊಂದು ಹೆಸರಿನ ಕ್ಷೇತ್ರ ತೆಗೆದು 2008ರಲ್ಲಿ ಅಲ್ಲಿ ಒಬಾಮಾ ಗೆದ್ದರೋ ಮೆಕೇನ್ ಗೆದ್ದರೋ ನೋಡಿ. ಯಾರಿಗೆ ಬಿಡುಗಡೆ ಕೊಟ್ಟಿರಬಹುದು ಎಂದು ಅಂದಾಜು ಸಿಗುತ್ತದೆ.

ಅಡ್ಡಗೋಡೆ:
ಜೇಬಿನಲ್ಲಿದ್ದ ವೋಟುಗಳು ಮಾತ್ರ ಅದರಲ್ಲಿ ಕಾಣುವುದಿಲ್ಲ. ಅವೆಲ್ಲ ಕೆಂಪಾಗಿಯೇ ಇರುತ್ತವೆ.